ಹೂ ಬಿಟ್ಟರೂ ಬೈಗುಳ, ಬಿಡದಿದ್ದರೂ ಬೈಗುಳ

ಫಲ ಬಿಡದ ಮರವನ್ನು ಬೈಯುವ ಕಲೆ ಮುಂಡಗೋಡದ ಕಡೆ ಇನ್ನೂ ಜೀವಂತವಾಗಿದೆ. ಕೆಲವರು ಹಗುರವಾಗಿ ಬೈಯುತ್ತಾರೆ, ಕೆಲವರು ಮರದ ಕುಲಗೋತ್ರ ಎತ್ತಿ ಬೈಯುತ್ತಾರೆ. ನಮ್ಮ ದೊಡ್ಡವ್ವ ಎರಡನೆಯ ಪಂಥದವಳು. ಹಿತ್ತಲಿನ ಆಪೂಸಿನ ಗಿಡ ಒಂದು ವರ್ಷ ಜೋರಾಗಿ ಹಿಡಿದು ಮರುವರ್ಷ ಬರೀ ಎಲೆ ಬಿಟ್ಟುಕೊಂಡು ನಿಂತಿತೆಂದರೆ, ಪಾತ್ರೆ ತೊಳೆದ ನೀರನ್ನು ಅದರ ಬುಡಕ್ಕೆ ಚೆಲ್ಲುತ್ತಲೇ ಶುರುಮಾಡುತ್ತಾಳೆ: "ಉಂಡುಟ್ಟು ಮೈ ಬೆಳಸ್ಕೊಂಡು ನಿಂತೀಯಲ್ಲ, ಒಂದ ಕಾಯಿ ಕೊಡಾಕ ಏನ ರೋಗ ನಿನಗ?" ಬೈಗುಳದ ಜೊತೆಗೆ ನೀರೂ ಬೀಳುತ್ತಿರುವುದರಿಂದ ಗಿಡ ಅದನ್ನು ಗಂಭೀರವಾಗಿ ತೆಗೆದುಕೊಂಡ ಹಾಗೆ ನನಗೆ ಯಾವತ್ತೂ ಕಂಡಿಲ್ಲ.

ಬೈಗುಳಕ್ಕೂ ಬಗ್ಗದ ಗಿಡಕ್ಕೆ ಕೊಡಲಿಯ ನಾಟಕ. ಇದಕ್ಕೆ ಇಬ್ಬರು ಪಾತ್ರಧಾರಿಗಳು ಬೇಕು. ಒಬ್ಬರು ಕೊಡಲಿ ಹಿಡಿದು ಗಿಡದ ಎದುರು ನಿಂತು, "ಇದನ್ನ ಇವತ್ತ ಕಡದ ಒಗದಬಿಡ್ತೀನಿ" ಅಂತ ಅಬ್ಬರಿಸಬೇಕು. ಇನ್ನೊಬ್ಬರು ಅಡ್ಡ ಬಂದು, "ಬ್ಯಾಡ ಬಿಡ್ರಿ ಪಾಪ, ಬರೋ ವರ್ಷ ಹಿಡೀತೈತಿ, ಅದರ ಪರವಾಗಿ ನಾ ಹೇಳ್ತೀನಿ" ಅಂತ ಜಾಮೀನು ನಿಲ್ಲಬೇಕು. ಚಿಕ್ಕವನಿದ್ದಾಗ ನನಗೆ ಸಿಗುತ್ತಿದ್ದದ್ದು ಜಾಮೀನುದಾರನ ಪಾತ್ರ. ಮರುವರ್ಷವೂ ಗಿಡ ಹಿಡಿಯದಿದ್ದರೆ ಬೈಗುಳ ತಿನ್ನುವವನು ಜಾಮೀನುದಾರನೇ ಎಂಬುದನ್ನು ಬ್ಯಾಂಕಿನವರಿಗಿಂತ ಬಹಳ ಮೊದಲು ದೊಡ್ಡವ್ವ ನನಗೆ ಕಲಿಸಿದ್ದಳು. ಇದೂ ಸಾಲದಿದ್ದರೆ ಗ್ರಹಣದ ದಿನ ಒನಕೆಯಿಂದ ಬಡಿಯುವುದು. ಅದಕ್ಕೂ ಜಗ್ಗದಿದ್ದರೆ ಕಾಂಡಕ್ಕೆ ಮೊಳೆ.

ಇದೆಲ್ಲ ಮೂಢನಂಬಿಕೆ ಎಂದು ನಕ್ಕು ಮುಂದೆ ಹೋಗುವ ಹಾಗೂ ಇಲ್ಲ. ಎಲೆಗಳು ತಯಾರಿಸಿದ ಆಹಾರ ಬೇರಿಗೆ ಇಳಿಯುವುದು ತೊಗಟೆಯ ಒಳಪದರದ ಮೂಲಕ. ಒನಕೆಯ ಪೆಟ್ಟು ಬಲವಾಗಿ ಬಿದ್ದು ಆ ಪದರ ಅಲ್ಲಲ್ಲಿ ಜಜ್ಜಿಹೋದರೆ ಕೆಳಗಿಳಿಯಬೇಕಾದ ಆಹಾರ ಮೇಲೆಯೇ ಉಳಿಯುತ್ತದೆ. ಬೇರಿನ ಬೆಳವಣಿಗೆ ತಗ್ಗುತ್ತದೆ, ಟೊಂಗೆಯಲ್ಲಿ ಸಕ್ಕರೆ ಕೂಡುತ್ತದೆ, ಕೆಲವು ಸಲ ಹೂವೂ ಬರುತ್ತದೆ. ತೋಟಗಾರಿಕೆಯವರು ಇದನ್ನೇ ಟೊಂಗೆಯ ತೊಗಟೆಯನ್ನು ಉಂಗುರದಾಕಾರದಲ್ಲಿ ಬಿಡಿಸಿ, ಕೈಗವಸು ಹಾಕಿಕೊಂಡು, ಮರ್ಯಾದೆಯಿಂದ ಮಾಡುತ್ತಾರೆ. ದೊಡ್ಡವ್ವನ ವಿಧಾನದಲ್ಲಿ ಅದಕ್ಕೆ ಗ್ರಹಣದ ಮುಹೂರ್ತ ಬೇಕು, ಅಷ್ಟೇ.

ಮರಕ್ಕೆ ಬರುವ ಉತ್ಪತ್ತಿ ಒಂದೇ: ಬಿಸಿಲಿನಿಂದ ಎಲೆ ಗಳಿಸಿದ್ದು, ಬೇರು ಮಣ್ಣಿನಿಂದ ಹೀರಿದ್ದು. ಅದರಲ್ಲೇ ಕಾಂಡ ದಪ್ಪವಾಗಬೇಕು, ಬೇರು ಇಳಿಯಬೇಕು, ಚಿಗುರಬೇಕು, ಹುಳಹುಪ್ಪಡಿಯ ವಿರುದ್ಧ ತೊಗಟೆಯಲ್ಲಿ ಕಹಿ ಒಗರು ತುಂಬಬೇಕು, ಮೇಲಿಂದ ಹೂವು, ಕಾಯಿ, ಬೀಜ. ನಮ್ಮ ಕಾಕಾ ಮಗಳ ಮದುವೆ ಮಾಡಿದ ವರ್ಷ ಮನೆಗೆ ಸುಣ್ಣ ಬಳಿಸುವುದನ್ನೂ ಮುಂದೂಡಿದ. ಮನೆಯ ಮೇಲೆ ಮಾಳಿಗೆ ಏರಿಸಿದ ವರ್ಷ ಬಂದ ಗಂಡುಗಳಿಗೆಲ್ಲ "ಜಾತಕ ಕೂಡೂದಿಲ್ಲ" ಅಂದ. ಊರವರು ಎರಡೂ ಸಲ ಅವನನ್ನು ಆಡಿಕೊಂಡರು. ಮರದ ಸ್ಥಿತಿ ಕಾಕಾನದೇ.

ಆಪೂಸು ಈ ವಿಷಯದಲ್ಲಿ ಹೆಸರು ಕೆಡಿಸಿಕೊಂಡ ತಳಿ. ಒಂದು ವರ್ಷ ಹಿಡಿದರೆ ಮರುವರ್ಷ ರಜೆ. ಕಾಯಿ ಹೊತ್ತ ಟೊಂಗೆಗೆ ಹಣ್ಣು ಇಳಿಸಿದ ಮೇಲೆ ಚಿಗುರಲು ಸಮಯವೂ ಇಲ್ಲ, ಶಕ್ತಿಯೂ ಇಲ್ಲ. ತಡವಾಗಿ ಬಂದ ಚಿಗುರು ಚಳಿಗಾಲಕ್ಕೆ ಮುಂಚೆ ಬಲಿಯುವುದಿಲ್ಲ, ಬಲಿಯದ ಟೊಂಗೆ ಹೂ ಬಿಡುವುದಿಲ್ಲ. ಸಾಲದ್ದಕ್ಕೆ ಬೆಳೆಯುವ ಕಾಯಿಯೊಳಗಿನ ಬೀಜವೇ ಹೂವಿಗೆ ಅಡ್ಡಿಯಾಗುವ ರಸವನ್ನು ಟೊಂಗೆಗೆ ಬಿಡುತ್ತದೆ. ದೊಡ್ಡವ್ವನ ಗಿಡವನ್ನು ಸರಿಯಾಗಿ ನೋಡಿದರೆ ಇದು ಟೊಂಗೆ ಟೊಂಗೆಗೂ ಕಾಣುತ್ತದೆ. ಬಾವಿಯ ಕಡೆಯ ಅರ್ಧ ಹೂ ಮುಚ್ಚಿಕೊಂಡಿರುವಾಗ ಕೊಟ್ಟಿಗೆಯ ಕಡೆಯ ಅರ್ಧ ತಾಮ್ರದ ಬಣ್ಣದ ಚಿಗುರು ಹೊದ್ದು ನಿಂತಿರುತ್ತದೆ; ಬರುವ ವರ್ಷ ಅದಲುಬದಲು. ನೀಲಂ, ತೋತಾಪುರಿ ಇಷ್ಟು ಹಟ ಮಾಡುವುದಿಲ್ಲ, ವರ್ಷಾ ವರ್ಷಾ ಅಷ್ಟಿಷ್ಟು ಕೊಡುತ್ತವೆ. ಆದರೆ ದಿನಾ ಕೆಲಸಕ್ಕೆ ಬರುವವನಿಗೆ ಬೆಲೆ ಎಲ್ಲಿದೆ? ಪೇಟೆಯಲ್ಲಿ ಆಪೂಸಿಗೇ ರೇಟು.

ಈಗ ಕೊಡಲಿಯ ಬದಲು ಕಲ್ಟಾರ್ ಬಂದಿದೆ. ಮಳೆಗಾಲದಲ್ಲಿ ಬುಡದ ಸುತ್ತ ಮಣ್ಣಿಗೆ ಹಾಕುವ ಔಷಧಿ. ಮರದ ಮೈಯಲ್ಲಿ ಉದ್ದುದ್ದ ಬೆಳೆಸುವ ಹಾರ್ಮೋನು ತಯಾರಾಗುವುದನ್ನೇ ಅದು ತಡೆಯುತ್ತದೆ. ಬೆಳೆಯುವ ದಾರಿ ಮುಚ್ಚಿದ ಮೇಲೆ ಮರಕ್ಕೆ ಉಳಿಯುವುದು ಹೂ ಬಿಡುವ ದಾರಿ. ಅಳತೆ ತಪ್ಪಿ ಸುರಿದರೆ ಚಿಗುರು ಗಿಡ್ಡಗಿಡ್ಡವಾಗಿ ಮುದುಡಿ, ಗೊಂಚಲು ಒತ್ತೊತ್ತಾಗಿ ಬಂದು, ಮರ ಹಲವು ವರ್ಷ ಸುಧಾರಿಸಿಕೊಳ್ಳುವುದಿಲ್ಲ. ತೋಟ ಗುತ್ತಿಗೆ ಹಿಡಿದವನಿಗೆ ಅದರ ಚಿಂತೆ ಇಲ್ಲ. ಅವನ ಗುತ್ತಿಗೆ ಮುಗಿದಿರುತ್ತದೆ. ದೊಡ್ಡವ್ವನಿಗೆ ಕಲ್ಟಾರ್ ವಿಷಯ ಹೇಳಿದಾಗ ಅವಳು ಬೆಚ್ಚಿಬಿದ್ದಳು. "ವಿಷಾ ಹಾಕಿ ಹಡಸ್ತಾರಾ? ಅದಕ್ಕಿಂತ ನನ್ನ ಬೈಗಳಾನ ಚಲೋ."

ಮುಂಡಗೋಡದಿಂದ ದಾಂಡೇಲಿಗೆ ಬಂದರೆ ತಕರಾರು ತಿರುಗಾಮುರುಗಾ. ಅಲ್ಲಿ ಯಾರೂ ಬಿದಿರಿಗೆ "ಹೂ ಬಿಡು" ಅನ್ನುವುದಿಲ್ಲ. ಬಿದಿರು ಹೂ ಬಿಟ್ಟರೆ ಬರ ಬರುತ್ತದೆಂದು ಹಿರಿಯರು ಹೇಳುತ್ತ ಬಂದಿದ್ದಾರೆ. ಬಿದಿರಿಗೂ ಅದು ಒಳ್ಳೆಯ ಸುದ್ದಿಯಲ್ಲ. ಹೂ ಬಿಟ್ಟ ಹಿಂಡು ಬೀಜ ಉದುರಿಸಿ ಸಾಯುತ್ತದೆ. ಬಿದಿರು ಮರವೇ ಅಲ್ಲ, ಹುಲ್ಲು ಎಂದು ಸಸ್ಯಶಾಸ್ತ್ರದವರು ತಕರಾರು ತೆಗೆಯಬಹುದು. ಆದರೆ 1927ರ ಭಾರತೀಯ ಅರಣ್ಯ ಕಾಯ್ದೆಯ ಪ್ರಕಾರ ಬಿದಿರು ಮರವೇ ಆಗಿತ್ತು. 2017ರಲ್ಲಿ ತಿದ್ದುಪಡಿಯಾಗಿ, ಆ ಕಾಯ್ದೆ ನಡೆಯುವ ಕಡೆ ಕಾಡಿನ ಹೊರಗಿನ ಬಿದಿರು ಅಧಿಕೃತವಾಗಿ ಹುಲ್ಲಾಯಿತು. ತೊಂಬತ್ತು ವರ್ಷ ಮರವಾಗಿದ್ದು ನಿವೃತ್ತಿಯ ಹೊತ್ತಿಗೆ ಹುಲ್ಲಾದ ಅನುಭವ ನೌಕರಿ ಮಾಡಿದವರಿಗೆ ಹೊಸದಲ್ಲ. ಹಾಗಾಗಿ ಈ ಬರಹದಲ್ಲಿ ಅದಕ್ಕೆ ಹಳೆಯ ದರ್ಜೆಯನ್ನೇ ಕೊಡುತ್ತೇನೆ.

ಈ ಹುಲ್ಲಿನ ಬೆಳವಣಿಗೆ ನೋಡಬೇಕಾದರೆ ಮಳೆಗಾಲದಲ್ಲಿ ಹೋಗಬೇಕು. ಜೂನ್ ಕಳೆದ ಮೇಲೆ ಹಿಂಡಿನ ಬುಡದಲ್ಲಿ ಮಣ್ಣು ಬಿರಿದು, ಕಂದು ಹಾಳೆ ಸುತ್ತಿಕೊಂಡ ಕಳಲೆ ಮೂತಿ ಹಾಕುತ್ತದೆ. ಮುಂದೆ ಎಷ್ಟು ದಪ್ಪದ ಬೊಂಬಾಗಬೇಕೋ ಅಷ್ಟೇ ದಪ್ಪದಲ್ಲಿ ನೆಲದಿಂದ ಏಳುತ್ತದೆ, ಆಮೇಲೆ ಅದು ಅಗಲವಾಗುವ ಮಾತೇ ಇಲ್ಲ. ಕೆಲವೇ ತಿಂಗಳಲ್ಲಿ ಪೂರ್ತಿ ಎತ್ತರ. ಆ ಎಳೆಯ ಕಳಲೆಗೆ ಶತ್ರುಗಳು ಒಬ್ಬಿಬ್ಬರಲ್ಲ: ಮುಳ್ಳುಹಂದಿ, ಕಾಡುಹಂದಿ, ಮುಸ್ಯಾ, ದನ, ಮತ್ತು ನಾವು. ಹೆಚ್ಚಿ, ನೀರು ಬದಲಿಸುತ್ತ ನೆನೆಸಿಟ್ಟು ಕಹಿ ತೆಗೆದು ಮಾಡಿದ ಕಳಲೆ ಪಲ್ಯ ತಿಂದವರು ಮುಳ್ಳುಹಂದಿಯನ್ನು ದೂರಬಾರದು. ಇಷ್ಟು ಜನರಿಂದ ಪಾರಾಗಲು ಹೆಬ್ಬಿದಿರು ಬುಡದ ಸುತ್ತ ಮುಳ್ಳಿನ ಕೊಂಬೆಗಳನ್ನು ಹೆಣೆದುಕೊಂಡಿರುತ್ತದೆ. ಕೈ ಹಾಕಿದವರಿಗೆ ಗೊತ್ತು, ಒಳಗೆ ಹೋದ ತೋಳು ಅಂಗಿಯ ತೋಳನ್ನು ಅಲ್ಲೇ ಬಿಟ್ಟು ಹೊರಬರುತ್ತದೆ.

ಆ ಮುಳ್ಳಿನದೊಂದು ದೊಡ್ಡ ಕಥೆ. 1955ರಲ್ಲಿ ವೆಸ್ಟ್ ಕೋಸ್ಟ್ ಪೇಪರ್ ಮಿಲ್ ಸ್ಥಾಪನೆಯಾಗಿ, 1959ರಲ್ಲಿ ದಾಂಡೇಲಿಯಲ್ಲಿ ಕಾಗದ ಬರತೊಡಗಿತು. ಉತ್ತರ ಕನ್ನಡದ ಬಿದಿರನ್ನು ಸರ್ಕಾರ ಟನ್ನಿಗೆ ಒಂದೆರಡು ರೂಪಾಯಿಯ ದರದಲ್ಲಿ ಅದಕ್ಕೆ ಕೊಟ್ಟಿತು. ಬುಟ್ಟಿ ಹೆಣೆಯುವ ಮೇದಾರರು ಅದೇ ಬಿದಿರನ್ನು ಪೇಟೆಯ ಬೆಲೆಗೆ ಕೊಳ್ಳಬೇಕಿತ್ತು. ಬಿದಿರು ಎಂದೂ ಮುಗಿಯದು ಎಂಬ ಲೆಕ್ಕ ಕಾಗದದ ಮೇಲಿತ್ತು. ಆ ಕಾಗದವೂ ಬಿದಿರಿನದೇ ಇರಬೇಕು. 1970ರ ದಶಕದ ಮಧ್ಯದ ಹೊತ್ತಿಗೆ ಮೇದಾರರ ದೂರು ಜೋರಾಗಿ, ಬಿದಿರಿನ ಲೆಕ್ಕ ನೋಡಿ ಹೇಳಲು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮಾಧವ ಗಾಡ್ಗೀಳರಿಗೆ ಕೆಲಸ ಬಂತು. ಅವರೂ ಎಸ್. ನರೇಂದ್ರ ಪ್ರಸಾದರೂ ಹಿಂಡು ಹಿಂಡು ಎಣಿಸುತ್ತ ಈ ಕಾಡುಗಳಲ್ಲಿ ತಿರುಗಿದರು.

ಅರಣ್ಯಶಾಸ್ತ್ರದ ಪುಸ್ತಕದ ಪ್ರಕಾರ ಬುಡದ ಮುಳ್ಳು ಸವರಿ ಹಿಂಡನ್ನು ಸಡಿಲ ಮಾಡಿದರೆ ಹೊಸ ಕಳಲೆಗೆ ಜಾಗ ಸಿಕ್ಕು ಬಿದಿರು ಚೆನ್ನಾಗಿ ಬರಬೇಕು. ಕಡಿಯುವ ಕೂಲಿಯವನಿಗೂ ಅನುಕೂಲ. ಹಳ್ಳಿಯವರು ಹೇಳಿದ್ದು ಬೇರೆ: ಮುಳ್ಳು ತೆಗೆದರೆ ಕಳಲೆ ಉಳಿಯುವುದಿಲ್ಲ, ದನ, ಮಂಗ, ಹಂದಿ ಎಲ್ಲ ಮೇಯ್ದು ಹೋಗುತ್ತವೆ. ಅಳೆದು ನೋಡಿದಾಗ ಹಳ್ಳಿಯವರ ಮಾತೇ ನಿಜವಾಯಿತು. ಮುಳ್ಳಿಗೆಂದು ಮಾಡಿದ ಖರ್ಚನ್ನು ಬಿದಿರು ಬೇಕಾಬಿಟ್ಟಿ ಮಾಡಿರಲಿಲ್ಲ. ಕಾರ್ಖಾನೆ ಮುಂದೆ ದೂರದ ಬಿದಿರಿಗೆ ಕೈಚಾಚಬೇಕಾಯಿತು, ಆಮೇಲೆ ನೀಲಗಿರಿ, ಸುಬಾಬುಲ್ ಬಂದವು.

ಗಾಡ್ಗೀಳರು ಬಿದಿರಿನ ಮೆಳೆಗೆ ಬಂದದ್ದು ಬರೀ ಎಣಿಸುವವರಾಗಿ ಅಲ್ಲ. ಅದಕ್ಕೂ ಮೊದಲು, 1970ರಲ್ಲಿ, ಹಾರ್ವರ್ಡ್‌ನ ವಿಲಿಯಂ ಬಾಸರ್ಟ್ ಜೊತೆ 'ಅಮೆರಿಕನ್ ನ್ಯಾಚುರಲಿಸ್ಟ್' ಪತ್ರಿಕೆಯಲ್ಲಿ ಅವರು ಒಂದು ಲೇಖನ ಬರೆದಿದ್ದರು. ಜೀವಿಯೊಂದು ತನ್ನ ಗಳಿಕೆಯನ್ನು ಮೈ ಬೆಳೆಸಲು, ಬದುಕಿ ಉಳಿಯಲು, ಸಂತಾನಕ್ಕೆ ಹೇಗೆ ಹಂಚಬೇಕು? ವರ್ಷಾ ವರ್ಷಾ ಸ್ವಲ್ಪ ಸ್ವಲ್ಪ ಹಡೆಯುವುದು ಯಾವಾಗ ಲಾಭ, ಇದ್ದದ್ದನ್ನೆಲ್ಲ ಒಂದೇ ಸಲ ಸುರಿದು ಸಾಯುವುದು ಯಾವಾಗ ಲಾಭ? ಉತ್ತರ ಗಣಿತದ್ದು, ಆದರೆ ತಿರುಳು ಸರಳ. ಸ್ವಲ್ಪ ಸುರಿದಾಗ ಸ್ವಲ್ಪವೂ ದಕ್ಕದೆ, ಬಹಳ ಸುರಿದಾಗ ಮಾತ್ರ ಬಹುಪಾಲು ದಕ್ಕುವ ಹಾಗಿದ್ದರೆ ಸುರಿದು ಸಾಯುವವನೇ ಗೆಲ್ಲುತ್ತಾನೆ. ಹೀಗೆ ಬದುಕುವ ಎರಡು ಬಿದಿರುಗಳು, ಹೆಬ್ಬಿದಿರು ಮತ್ತು ಒಣಕಾಡಿನ ಕಿರುಬಿದಿರು, ಉತ್ತರ ಕನ್ನಡದಲ್ಲಿ ಅವರಿಗೆ ಕಣ್ಣೆದುರೇ ಸಿಕ್ಕವು. ಅವುಗಳ ಬಾಳುವೆಯ ಬಗ್ಗೆ ಅವರೂ ಪ್ರಸಾದರೂ 1984ರಲ್ಲಿ 'ಬಯೋಟ್ರಾಪಿಕಾ'ದಲ್ಲಿ ಬರೆದರು. ಸಮೀಕರಣ ಬರೆದವನಿಗೆ ಅದರ ಜೀವಂತ ಉದಾಹರಣೆ ಮುಳ್ಳು ಚುಚ್ಚುವಷ್ಟು ಹತ್ತಿರ ಸಿಗುವ ಯೋಗ ಎಲ್ಲರಿಗೂ ಇರುವುದಿಲ್ಲ.

ಹೆಬ್ಬಿದಿರು 32ರಿಂದ 45 ವರ್ಷ ಬರೀ ಬೆಳೆಯುತ್ತದೆ. ಆಮೇಲೆ ಒಂದು ಸೀಮೆಯ ಹಿಂಡುಗಳೆಲ್ಲ ಹೆಚ್ಚುಕಡಿಮೆ ಒಟ್ಟಿಗೆ ಎಲೆ ಉದುರಿಸಿ, ಗೆಣ್ಣು ಗೆಣ್ಣಿಗೂ ಹೂ ಬಿಡುತ್ತವೆ. ಹೂವೆಂದರೆ ಮುಡಿಯುವಂಥದ್ದಲ್ಲ; ಭತ್ತದ ತೆನೆಯ ಜಾತಿಯದು, ಒಣಕಲು. ಬೀಜ ಬಿದ್ದಾಗ ನೆಲ ಕಾಣುವುದಿಲ್ಲ. ಒಂದೊಂದು ಹಿಂಡು ಒಂದೊಂದು ವರ್ಷ ಬೀಜ ಉದುರಿಸಿದ್ದರೆ ಇಲಿ, ಕಾಡುಕೋಳಿ, ಹಂದಿ ಒಂದು ಕಾಳೂ ಬಿಡದೆ ತಿಂದು ಮುಗಿಸುತ್ತಿದ್ದವು. ಎಲ್ಲ ಒಟ್ಟಿಗೆ ಸುರಿದರೆ ತಿನ್ನುವವರ ಹೊಟ್ಟೆ ತುಂಬಿಯೂ ಮಿಗುತ್ತದೆ, ಮಿಕ್ಕದ್ದು ಮಳೆ ಬೀಳುತ್ತಲೇ ಹುಟ್ಟುತ್ತದೆ. ಬಿದಿರು ಇಷ್ಟು ಕಾಲ ಕಾಯುವುದು ಇದಕ್ಕೇ ಎಂದು 1976ರಲ್ಲಿ ಡೇನಿಯಲ್ ಜಾನ್ಜೆನ್ ವಾದಿಸಿದರು. ಈ ಊಟಕ್ಕೆ ಇಲಿಗಳ ಸಂಸಾರವೂ ಹಿಗ್ಗುತ್ತದೆ. ಬೀಜ ಮುಗಿದ ಮೇಲೆ ಅವು ಗದ್ದೆಗೆ, ಕಣಜಕ್ಕೆ ಬರುತ್ತವೆ. ಹಿರಿಯರು ಬರ ಅಂದದ್ದು ಸುಮ್ಮನಲ್ಲ. ಮಿಜೋರಂನಲ್ಲಿ ಸುಮಾರು 48 ವರ್ಷಕ್ಕೊಮ್ಮೆ ಬೇರೊಂದು ಬಿದಿರು ಹೂ ಬಿಡುತ್ತದೆ. 1959ರ ಹೂವಿನ ಹಿಂದೆ ಬಂದ ಕ್ಷಾಮದಲ್ಲಿ ಜನರಿಗೆ ಅಕ್ಕಿ ಹಂಚಲು ಎದ್ದ ಸಂಘಟನೆಯೇ 1961ರಲ್ಲಿ ರಾಜಕೀಯ ಪಕ್ಷವಾಗಿ, 1966ರಲ್ಲಿ ಬಂಡಾಯವೆದ್ದಿತು. ಹುಲ್ಲೊಂದು ಹೂ ಬಿಟ್ಟದ್ದಕ್ಕೆ ದೆಹಲಿ ಎಚ್ಚರವಾಯಿತು.

ನಮ್ಮ ಕಡೆ ಅಷ್ಟು ದೂರ ಹೋಗಲಿಲ್ಲ. ಇಲ್ಲಿ ಬಿದಿರಕ್ಕಿ ಚೀಲದಲ್ಲಿ ತುಂಬಿ ರಸ್ತೆ ಬದಿಗೆ ಬರುತ್ತದೆ. ಗೋಧಿಗಿಂತ ಸಣ್ಣ ಕಾಳು, ಬೇಯಲು ತಡ, ಗಂಜಿಗೆ ಒಳ್ಳೆಯದು. ಮಾರುವವರ ಪ್ರಕಾರ ಮಂಡಿನೋವು, ಸಕ್ಕರೆ ಕಾಯಿಲೆ, ಗ್ಯಾಸು, ಬೆನ್ನುನೋವು ಎಲ್ಲಕ್ಕೂ ಅದು ಮದ್ದು. ದನಿ ತಗ್ಗಿಸಿ ಇನ್ನೊಂದನ್ನೂ ಸೇರಿಸುತ್ತಾರೆ, ಮಕ್ಕಳಾಗದವರಿಗೂ ಒಳ್ಳೆಯದಂತೆ. ನಲವತ್ತು ವರ್ಷ ಮಕ್ಕಳ ಸುದ್ದಿಯನ್ನೇ ಎತ್ತದೆ, ಎತ್ತಿದ ವರ್ಷ ಪ್ರಾಣ ಬಿಟ್ಟ ಗಿಡದ ಬೀಜವನ್ನು ಸಂತಾನಕ್ಕೆ ಔಷಧಿ ಎಂದು ಕೊಳ್ಳುವವರ ಧೈರ್ಯ ದೊಡ್ಡದು.

ಒಂದೇ ಸಲ ಸಾಯುವುದಕ್ಕೂ ನಾನಾ ಬಗೆಯಿದೆ. ಜೋಯಿಡಾ ಕಡೆಯ ಮನೆಗಳ ಹಿಂದೆ, ಹಳ್ಳದ ದಂಡೆಯಲ್ಲಿ ಬೈನೆ ಮರ ನೋಡಬೇಕು. ಅದು ಮೊದಲ ಹತ್ತು ಹದಿನೈದು ವರ್ಷ ಹೂವಿನ ಗೊಡವೆಗೆ ಹೋಗದೆ ಮೇಲೆ ಹೋಗುತ್ತದೆ, ಕಾಂಡದ ತಿರುಳಿನಲ್ಲಿ ಹಿಟ್ಟು ಕೂಡಿಡುತ್ತದೆ. ಆಮೇಲೆ ಒಂದು ದಿನ ತುದಿಯಲ್ಲಿ ಮೊದಲ ಗೊನೆ ಇಳಿಬೀಳುತ್ತದೆ. ಅಲ್ಲಿಗೆ ಮೇಲೆ ಬೆಳೆಯುವುದು ಬಂದ್. ಮುಂದಿನ ಗೊನೆ ಅದರ ಕೆಳಗಿನ ಗೆಣ್ಣಿನಲ್ಲಿ, ಅದರ ಮುಂದಿನದು ಇನ್ನೂ ಕೆಳಗೆ. ಕೆಲವು ವರ್ಷ ಹೀಗೆ ಒಂದೊಂದೇ ಮೆಟ್ಟಿಲು ಇಳಿಯುತ್ತ ಬಂದು, ಕೂಡಿಟ್ಟ ಹಿಟ್ಟನ್ನೆಲ್ಲ ಗೊನೆಗಳಿಗೆ ಹಾಕಿ, ಕೊನೆಯ ಗೊನೆ ಹಣ್ಣಾದ ಮೇಲೆ ನಿಂತಲ್ಲೇ ಒಣಗುತ್ತದೆ. ಮರ ಎಷ್ಟು ವರ್ಷ ಬಾಳೀತೆಂದು ಬೈನೆಯ ಮಟ್ಟಿಗೆ ಯಾರು ಬೇಕಾದರೂ ಹೇಳಬಹುದು. ಗೊನೆ ಎಲ್ಲಿಗೆ ಬಂದಿದೆ ನೋಡಿದರಾಯಿತು. ಸೇಂದಿ ಇಳಿಸುವವರು ಆ ಗೊನೆಯನ್ನೇ ಕೊಯ್ದು, ಬೀಜಕ್ಕೆ ಹೋಗಬೇಕಾದ ಸಕ್ಕರೆಯನ್ನು ಮಡಕೆಗೆ ತಿರುಗಿಸುತ್ತಾರೆ. ಹಣ್ಣು ಮುಟ್ಟಲು ಹೋಗಬೇಡಿ, ಕೈ ತುರಿಸಿ ತುರಿಸಿ ಸಾಕಾಗುತ್ತದೆ. ಕಾಡುಬೆಕ್ಕಿಗೆ ಆ ತುರಿಕೆ ಲೆಕ್ಕಕ್ಕಿಲ್ಲ, ತಿಂದು ಬೀಜವನ್ನು ದೂರ ಒಯ್ದು ಹಾಕುತ್ತದೆ.

ಅದೇ ಜೋಯಿಡಾದಲ್ಲಿ ಕುಣಬಿಗಳ ಮನೆಯ ಸುತ್ತ ಬೆಳೆಯುವ ಗೆಡ್ಡೆಗಳದು ಇನ್ನೊಂದು ದಾರಿ. ಮುಡ್ಲಿಯಂಥವು ಬೀಜದ ಉಸಾಬರಿಯನ್ನೇ ಬಹುಮಟ್ಟಿಗೆ ಕೈಬಿಟ್ಟು ಗಳಿಸಿದ್ದನ್ನೆಲ್ಲ ನೆಲದೊಳಗೆ ಹೂತಿಡುತ್ತವೆ. ಅದಕ್ಕೇ ಅಲ್ಲಿ ಗೆಡ್ಡೆ ಗೆಣಸಿನ ಮೇಳ ನಡೆಯುತ್ತದೆ, ಹೂವಿನ ಮೇಳ ಅಲ್ಲ.

ಮುರುಗಲು ಮರದ ಸಂಸಾರ ಹೆಚ್ಚು ನಾಜೂಕಿನದು. ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ಬೀಜ ಹಾಕಿ ಏಳೆಂಟು ವರ್ಷ ನೀರು ಹೊತ್ತು ಬೆಳೆಸಿದ ಮೇಲೆ, ಹೂ ಬಿಟ್ಟಾಗಲೇ ಜಾತಕ ಗೊತ್ತಾಗುವುದು. ಗಂಡಾದರೆ ಮನೆಯವರ ಮುಖ ಸಣ್ಣದಾಗುತ್ತದೆ. ಗಂಡು ಹುಟ್ಟಿದ್ದಕ್ಕೆ ನಮ್ಮ ದೇಶದಲ್ಲಿ ಜನ ಬೇಜಾರು ಮಾಡಿಕೊಳ್ಳುವುದು ಮುರುಗಲು, ಜಾಯಿಕಾಯಿ, ಪಪ್ಪಾಯಿ ವಿಷಯದಲ್ಲಿ ಮಾತ್ರ. ಹೀಗೆ ಗಂಡು ಹೆಣ್ಣು ಬೇರೆಯಾಗಿರುವ ಹಲವು ಜಾತಿಗಳನ್ನು ಅಳೆದು ನೋಡಿದವರು ಹೆಣ್ಣು ಮರಗಳ ಬೆಳವಣಿಗೆ ನಿಧಾನ ಎಂದು ಬರೆದಿದ್ದಾರೆ. ಗಂಡಿನ ಖರ್ಚು ಪರಾಗದ ಪುಡಿಗೆ ಮುಗಿಯುತ್ತದೆ. ಹಣ್ಣು, ಬೀಜ, ಅದರೊಳಗಿನ ಸಾರಜನಕ, ರಂಜಕ ಎಲ್ಲ ಹೆಣ್ಣಿನ ಪಾಲು. ಇದನ್ನು ಓದಿ ಹೇಳಿದಾಗ ದೊಡ್ಡವ್ವ ಹೆಸರುಕಾಳು ಆರಿಸುವುದನ್ನು ನಿಲ್ಲಿಸಲೂ ಇಲ್ಲ. "ಇದನ್ನ ಹುಡುಕಾಕ ಸಾಲಿ ಕಲತಾರೇನು?"

ಸರಿ, ಅಳತೆ ಮೀರಿ ಹಡೆಯುವವರೂ ಇದ್ದಾರೆ. ದಾಂಡೇಲಿಯ ಅತ್ತಿ, ಗೋಣಿ, ಬಸರಿ, ಆಲಗಳಲ್ಲಿ ಯಾವುದಾದರೊಂದು ಮರ ವರ್ಷದ ಯಾವ ತಿಂಗಳಲ್ಲೂ ಹಣ್ಣು ಹೊತ್ತಿರುತ್ತದೆ. ಅವುಗಳ ಪರಾಗ ಒಯ್ಯುವ ಕಣಜಕ್ಕೆ ಆಯುಷ್ಯ ಕೆಲವೇ ದಿನ. ಎಲ್ಲ ಮರಗಳೂ ಒಟ್ಟಿಗೆ ರಜೆ ಹಾಕಿದರೆ ಕಣಜದ ವಂಶ ಮುಗಿದು, ಮರದ್ದೂ ಮುಗಿಯುತ್ತದೆ. ಈ ಹಣ್ಣುಗಳನ್ನೇ ನೆಚ್ಚಿಕೊಂಡು ಮಂಗಟ್ಟೆ ಹಕ್ಕಿಗಳು ಇಲ್ಲಿ ಇವೆ, ನಾಲ್ಕು ಜಾತಿಯವು. ಅವುಗಳಿಗಾಗಿ 2011ರಲ್ಲಿ ಸಂರಕ್ಷಣಾ ಮೀಸಲನ್ನೂ ಘೋಷಿಸಿದರು. ಹೆಣ್ಣು ಮಂಗಟ್ಟೆ ಮೊಟ್ಟೆಯಿಡಲು ಮರದ ಪೊಟರೆಯೊಳಗೆ ಹೊಕ್ಕು, ಕೊಕ್ಕು ತೂರುವಷ್ಟು ಸಂದಿ ಬಿಟ್ಟು ಬಾಗಿಲು ಮೆತ್ತಿಕೊಂಡು, ಹಾರುವ ಗರಿಗಳನ್ನೂ ಉದುರಿಸಿಬಿಡುತ್ತದೆ. ಗಂಡ ಹಣ್ಣು ತಂದರೆ ಊಟ. ಆ ಪೊಟರೆ ಇರುವುದು ಮುದಿ ಮರದಲ್ಲಿ, ನೂರಾರು ವರ್ಷ ಕಾಂಡಕ್ಕೇ ಹಾಕುತ್ತ ಬಂದು ಈಗ ಒಳಗೆ ಟೊಳ್ಳಾದ ಮರದಲ್ಲಿ. ಹಳೆಯ ಅರಣ್ಯ ದಫ್ತರಿನಲ್ಲಿ ಅಂಥ ಮರಕ್ಕೆ ಇದ್ದ ಒಂದೇ ಅಭಿಪ್ರಾಯ, ಕೆಲಸಕ್ಕೆ ಬಾರದ್ದು ಎಂದು.

ಇಷ್ಟೆಲ್ಲ ಬರೆದು ಸಾಗವಾನಿಯ ಸುದ್ದಿ ಎತ್ತದಿದ್ದರೆ ಹಳಿಯಾಳದವರು ನನ್ನನ್ನು ಬಸ್‌ಸ್ಟ್ಯಾಂಡಿನಿಂದಲೇ ವಾಪಸು ಕಳಿಸಿಯಾರು. ಹಳಿಯಾಳ, ದಾಂಡೇಲಿಗಳ ತೇಗಕ್ಕೆ ಹೆಸರಿದೆ. 1970ರ ದಶಕದಲ್ಲಿ ನಾನಾ ದೇಶಗಳ ತೇಗವನ್ನು ಅಕ್ಕಪಕ್ಕ ನೆಟ್ಟು ಹೋಲಿಸಿದ ಪ್ರಯೋಗಗಳಿಗೆ ಇಲ್ಲಿಯ ವಿರ್ನೋಳಿಯ ಬೀಜವೂ ಹೋಗಿತ್ತು. ಅಲ್ಲಿ ಅಳೆದದ್ದು ಎತ್ತರ, ದಪ್ಪ, ಕಾಂಡದ ನೇರ. ಜೊತೆಗೆ ಹೂ ಬಿಟ್ಟಿತೇ, ಯಾವಾಗ ಎಂಬುದನ್ನೂ ಗುರುತು ಹಾಕಿಕೊಂಡರು. ಏಕೆಂದರೆ ತೇಗದ ವಿಷಯದಲ್ಲಿ ಹೂವು ನೇರ ರೊಕ್ಕದ ಪ್ರಶ್ನೆ.

ಮಾವಿನ ತೋಟದವನು "ಯಾಕೆ ಹೂ ಬಿಡಲಿಲ್ಲ" ಅಂತ ಬೈದರೆ, ತೇಗದ ತೋಪಿನವನು "ಯಾಕೆ ಬಿಟ್ಟೆ" ಅಂತ ಬೈಯುತ್ತಾನೆ. ಎಳೆಯ ತೇಗದ ತುದಿಯನ್ನು ಬಗ್ಗಿಸಿ ನೋಡಿದರೆ ಕಾರಣ ಕಾಣುತ್ತದೆ. ಎಲೆಗಳು ಎದುರುಬದುರು, ಜೋಡಿ ಜೋಡಿ. ಪ್ರತಿ ಎಲೆಯ ಕಂಕುಳಲ್ಲಿ ಒಂದು ಮೊಗ್ಗು. ನಟ್ಟನಡುವೆ ಮೇಲೆ ಒಯ್ಯುವ ತುದಿಮೊಗ್ಗು. ಮರ ಮೊದಲ ಸಲ ಹೂ ಬಿಡಲು ಮನಸ್ಸು ಮಾಡಿದಾಗ ಈ ತುದಿಮೊಗ್ಗೇ ಹೂಗೊಂಚಲಾಗಿಬಿಡುತ್ತದೆ. ಅದಕ್ಕೆ ಮುಂದೆ ದಾರಿಯಿಲ್ಲ. ಕೆಳಗಿನ ಜೋಡಿ ಮೊಗ್ಗುಗಳು ಎಡಕ್ಕೊಂದು ಬಲಕ್ಕೊಂದು ಹೊರಡುತ್ತವೆ. ಅಲ್ಲಿಗೆ ಒಂದೇ ಕಾಂಡ ಎರಡಾಗಿ ಕವಲೊಡೆಯಿತು, ನೇರ ನಾಟು ಅಷ್ಟಕ್ಕೇ ಮುಗಿಯಿತು. ಹತ್ತಡಿಯಲ್ಲಿ ಹೂ ಬಿಟ್ಟ ಮರ ಹತ್ತಡಿಯ ನಾಟು, ಐವತ್ತಡಿ ಏರಿ ಹೂ ಬಿಟ್ಟದ್ದು ಐವತ್ತಡಿಯದು. ತೊಲೆ ಕೊಳ್ಳುವವನು ಕವಲಿನ ತನಕ ಕಣ್ಣಳತೆ ಮಾಡಿ ಬೆಲೆ ಹೇಳುತ್ತಾನೆ. ಮರ ಯಾವ ವಯಸ್ಸಿಗೆ ಹೂ ಬಿಟ್ಟಿತೆಂದು ತಾನು ಲೆಕ್ಕ ಹಾಕುತ್ತಿರುವುದು ಅವನಿಗೆ ಗೊತ್ತಿರಬೇಕೆಂದಿಲ್ಲ.

ಇಷ್ಟು ಕೊಟ್ಟು ತೇಗ ಪಡೆಯುವುದೇನು? ಮಳೆಗಾಲದಲ್ಲಿ ಸಾವಿರಾರು ಪುಟ್ಟ ಬಿಳಿ ಹೂಗಳ ಗೊಂಚಲು. ಒಂದೊಂದು ಹೂವಿಗೆ ಒಂದೇ ಹಗಲು. ಸುರಿಯುವ ಮಳೆಯಲ್ಲಿ ಜೇನು ಬಂದರೆ ಬಂತು, ಬರದಿದ್ದರೆ ಸಂಜೆ ಹೂವು ನೆಲಕ್ಕೆ. ನೂರು ಹೂವಿಗೆ ಬೆರಳೆಣಿಕೆಯ ಕಾಯಿ. ಕಾಯಿಯನ್ನು ಕೈಯಲ್ಲಿ ಹಿಸುಕಿದರೆ ಹೊರಗಿನ ಒಣ ಬುಗ್ಗೆ ಪಟ್ ಎಂದು ಒಡೆದು, ಒಳಗೆ ರೋಮ ರೋಮವಾದ ಗಟ್ಟಿ ಗೋಲಿ ಸಿಗುತ್ತದೆ. ಅದನ್ನು ಒಡೆದರೆ ನಾಲ್ಕು ಕೋಣೆ, ಅವುಗಳಲ್ಲೂ ಎಷ್ಟೋ ಖಾಲಿ. ನರ್ಸರಿಯಲ್ಲಿ ರಾತ್ರಿ ನೆನೆಸಿ ಹಗಲು ಬಿಸಿಲಿಗೆ ಹರಡಿ, ಹೀಗೆ ದಿನಗಟ್ಟಲೆ ಉಪಚಾರ ಮಾಡಿದರೂ ಎಲ್ಲ ಹುಟ್ಟುವುದಿಲ್ಲ.

ಮೂವತ್ತು ವರ್ಷದ ಹಿಂದೆ ಪತ್ರಿಕೆಗಳ ತುಂಬ ತೇಗದ ಸ್ಕೀಮಿನ ಜಾಹೀರಾತುಗಳಿದ್ದವು, ನೆನಪಿರಬಹುದು. ಇಂದು ಸಾವಿರ ಹಾಕಿ, ಇಪ್ಪತ್ತು ವರ್ಷಕ್ಕೆ ಲಕ್ಷ ಎಣಿಸಿ. ನಮ್ಮ ಕಾಕಾನೂ ಅಂಥದೊಂದರಲ್ಲಿ ಗಿಡ ಕೊಂಡಿದ್ದ. ಎಲ್ಲಿ ನೆಟ್ಟಿದ್ದಾರೆಂದು ಅವನಿಗೆ ತೋರಿಸಿದವರಿಲ್ಲ, ಬಣ್ಣದ ಸರ್ಟಿಫಿಕೇಟು ಮಾತ್ರ ಚೌಕಟ್ಟು ಹಾಕಿಸಿಕೊಂಡು ಗೋಡೆಯ ಮೇಲಿತ್ತು. 1999ರಲ್ಲಿ ಸೆಬಿ ಇಂಥ ಸ್ಕೀಮುಗಳಿಗೆ ನಿಯಮ ತಂದಿತು, ಕಾಕಾನ ಗಿಡದವರು ಅದಕ್ಕೂ ಮೊದಲೇ ಬಾಗಿಲು ಹಾಕಿದ್ದರು. ಬೆಳೆಯದೆಯೂ ಫಲ ಕೊಡದೆಯೂ ಬಾಳಿದ ತೇಗ ಸಸ್ಯಶಾಸ್ತ್ರದಲ್ಲಿ ಅದೊಂದೇ. ಆ ಚೌಕಟ್ಟು ಸಾಗವಾನಿಯದು ಎಂಬುದೇ ಅವನಿಗೆ ಸಮಾಧಾನ.

ಸರ್ಕಾರದ ನರ್ಸರಿಗೂ ಒಂದು ಒಗಟಿದೆ. ಒಳ್ಳೆಯ ತೋಪಾಗಬೇಕಾದರೆ ತಡವಾಗಿ ಹೂ ಬಿಡುವ, ನೆಟ್ಟಗೆ ಏರಿದ ಮರಗಳ ಬೀಜ ಬೇಕು. ಆದರೆ ತಡವಾಗಿ ಹೂ ಬಿಡುವ ಮರದಲ್ಲಿ ಬೀಜ ಎಲ್ಲಿ? ಅಂಥ ಮರಗಳನ್ನೇ ಆರಿಸಿ, ಕಸಿ ಕಟ್ಟಿ, ಬೀಜಕ್ಕೆಂದೇ ತೋಪು ಮಾಡಿದರು. ಅಲ್ಲಿ ಬೀಜ ಕಡಿಮೆ ಎಂಬ ಗೋಳು ದೇಶದ ಎಲ್ಲ ಕಡೆಯ ತೇಗದವರದು. ಇತ್ತ ರಸ್ತೆ ಬದಿಯಲ್ಲಿ, ಬೆಳಕು ಬೇಕಾದಷ್ಟು ಸಿಗುವ ಕಡೆ, ಆಳೆತ್ತರದಲ್ಲೇ ಕವಲೊಡೆದು ಕೊಡೆಯಾಗಿ ನಿಂತ ಗಿಡ್ಡ ಮರಗಳು ಪ್ರತಿ ವರ್ಷ ಬೀಜ ಸುರಿಯುತ್ತವೆ. ಗುಡಿಸಿ ತುಂಬಿಕೊಂಡು ಬಂದರೆ ಚೀಲ ಬೇಗ ತುಂಬುತ್ತದೆ. ಚೀಲದ ತೂಕಕ್ಕೆ ಕೂಲಿ ಕೊಟ್ಟರೆ ಮುಂದಿನ ತೋಪಿಗೆ ಬರುವುದು ಅವುಗಳ ಸಂತಾನವೇ, ಅವೂ ಅಪ್ಪ ಅಮ್ಮನಷ್ಟೇ ಅವಸರದವು.

ಹಳಿಯಾಳದ ಹತ್ತಿರ ಗಾರ್ಡೊಬ್ಬರ ಜೊತೆ ತೋಪಿನಲ್ಲಿ ನಡೆಯುತ್ತ ಇದನ್ನೇ ಕೇಳಿದೆ. ಅವರು ಬಾಯಲ್ಲಿದ್ದ ಎಲೆಯಡಿಕೆ ಉಗಿದು, ಸಾಲಿನ ನಡುವೆ ಎಲ್ಲಕ್ಕಿಂತ ಎತ್ತರಕ್ಕೆ, ಒಂದೂ ಕವಲಿಲ್ಲದೆ ಹೋದ ಮರವೊಂದನ್ನು ತೋರಿಸಿದರು.

"ನೋಡ್ರೀ ಸರ, ಈ ರೇಂಜಿನಾಗ ಇಂಥಾ ಗಿಡಾ ಇನ್ನೊಂದಿಲ್ಲ."

"ಹಂಗಾದ್ರ ಇದರ ಬೀಜಾನ ಹಾಕಬಾರದೇನ್ರಿ?"

"ಹಾಕಬೇಕಂತ ದೊಡ್ಡ ಸಾಹೇಬ್ರು ಬಂದಾಗೆಲ್ಲ ಬರಕೊಂಡ ಹೋಗ್ತಾರ್ರಿ. ಇದು ಒಂದ ಹೂವರ ಬಿಡಬೇಕಲ್ರಿ."